ಸೊಪ್ಪಿನ ಸಾಕ್ಷಿ

(ಮಾತಾಡುವವರು ಇಬ್ಬರು: ಕಟ್ಟೆಮಳಲವಾಡಿಯಲ್ಲಿ ಕೂತು ಪತ್ತೇದಾರಿ ಕಾದಂಬರಿ ಬರೆಯುವ ಸೋದರತ್ತೆ, ಹುಣಸೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಅಳಿಯ.)

ಅಳಿಯ: ಅತ್ತೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರದು. ಹೆಣ ಬೀಳದೆ ನಿಮಗೆ ಕತೆನೇ ಹುಟ್ಟಲ್ವಾ?

ಅತ್ತೆ: ಹುಟ್ಟುತ್ತೆ ಕಣೋ, ಆದರೆ ಊರು ಪೂರ್ತಿ ಬಾಯಿ ಬಿಡಲ್ಲ. ಮದುವೆ, ಜಾತ್ರೆ, ಹಬ್ಬದಲ್ಲಿ ಜನ ತೋರಿಸಬೇಕಾದ ಮುಖವನ್ನ ತೋರಿಸ್ತಾರೆ. ಒಂದು ಸಾವು ಅನುಮಾನದ್ದು ಅಂತ ಆಗಲಿ, ಯಾರು ಯಾರ ಜತೆ ಮಾತು ಬಿಟ್ಟಿದ್ದರು, ಯಾವ ಸಾಲ ತೀರಿತ್ತು, ಯಾವ ಬೇಲಿ ಒಂದು ಗೇಣು ಆಚೆಗೆ ಸರಿದಿತ್ತು, ಎಲ್ಲ ಹೊರಗೆ ಬರುತ್ತೆ. ನನಗೆ ಬೇಕಾಗಿರೋದು ಅದು. ಹೆಣ ಬರೀ ನೆಪ.

ಅಳಿಯ: ನನಗದು ನೆಪ ಅಲ್ಲ, ದಿನಬೆಳಗಾದರೆ ಕೈಗೆ ಬರೋ ಫೈಲು. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಅಂತ ಮೇಲೊಂದು ನಂಬರು, ಒಳಗೆ ಮಹಜರು, ಪಂಚರ ಸಹಿ, ಶವಪರೀಕ್ಷೆ ವರದಿ. ಮೊದಲು ಸಿಆರ್‌ಪಿಸಿ 174 ಅಂತ ಬರೀತಿದ್ದರು, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 194 ಅಂತ ಬರೀತಾರೆ. ಹೊಗೆಸೊಪ್ಪಿಗೆ ಸಾಲ ಮಾಡಿ ವಿಷ ಕುಡಿದವನು ಒಬ್ಬ, ನಾಲೆಗೆ ಕಾಲು ಜಾರಿದವನು ಇನ್ನೊಬ್ಬ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಎಲ್ಲಿಗೆ ಹೋದರೂ ಇದೇ. ಇಂಥ ಸೀಮೆಯಲ್ಲಿ ಕೊಲೆ ಕತೆ ಓದಿ ಹೊತ್ತು ಕಳೆಯೋದು ನನ್ನ ಮನಸ್ಸಿಗೆ ಒಗ್ಗಲ್ಲ. ಅದನ್ನ ನಿಮ್ಮ ಮುಂದೆ ಇವತ್ತು ಹೇಳಿಬಿಟ್ಟೆ.

ಅತ್ತೆ: ಹೇಳಿದ್ದು ಒಳ್ಳೇದಾಯ್ತು. ಈಗ ನಾನು ಕೇಳ್ತೀನಿ. ಆ ಫೈಲಿನಲ್ಲಿ ಸತ್ತವನ ಬಗ್ಗೆ ಏನೇನಿರುತ್ತೆ?

ಅಳಿಯ: ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಉಟ್ಟ ಬಟ್ಟೆ, ಗಾಯದ ಗುರುತು.

ಅತ್ತೆ: ಹಿಂದಿನ ಸಂಜೆ ಅವನು ಯಾರ ಮನೆ ಜಗಲಿ ಮೇಲೆ ಕೂತಿದ್ದ, ಮಗಳಿಗೆ ಏನು ತಂದುಕೊಡ್ತೀನಿ ಅಂದಿದ್ದ, ಯಾಕೆ ಊಟ ಬಿಟ್ಟ, ಅದಿರುತ್ತಾ?

ಅಳಿಯ: ಅದಕ್ಕೆಲ್ಲ ಜಾಗ ಎಲ್ಲಿದೆ ಅತ್ತೆ?

ಅತ್ತೆ: ನನ್ನ ಕಾದಂಬರಿಯಲ್ಲಿ ಇದೆ. ಇನ್ನೂರು ಪುಟ ಅವನಿಗೇ ಮೀಸಲು. ಒಬ್ಬ ಸಾಮಾನ್ಯ ಮನುಷ್ಯ ಸತ್ತ, ಹೇಗೆ ಸತ್ತ ಅಂತ ತಿಳಿಯೋವರೆಗೆ ಯಾರೂ ಎದ್ದು ಹೋಗಬಾರದು ಅಂತ ಓದುಗರನ್ನ ಹಿಡಿದು ಕೂರಿಸೋ ಬರವಣಿಗೆ ಇದೊಂದೇ. ನೀನು ಹೊತ್ತು ಕಳೆಯೋದು ಅಂತೀಯ. ಸತ್ತವನಿಗೆ ಕೊಡಬೇಕಾದ ಗಮನ ಅಂತ ನಾನು ಅಂತೀನಿ.

ಅಳಿಯ: ಬರೆಯೋರೆಲ್ಲ ಹಾಗೆ ಬರೀತಾರಾ? ಬಸ್ ಸ್ಟ್ಯಾಂಡಿನಲ್ಲಿ ಮಾರ್ತಿದ್ದ ತೆಳು ಪುಸ್ತಕ, ರಟ್ಟಿನ ಮೇಲೆ ಪಿಸ್ತೂಲು, ಚೂರಿ. ನಮ್ಮಪ್ಪ ಅವನ್ನ ಮನೆ ಒಳಗೆ ಸೇರಿಸ್ತಿರಲಿಲ್ಲ.

ಅತ್ತೆ: ನಿಮ್ಮಪ್ಪ ಹಟ್ಟಿಯಲ್ಲಿ ಕೂತು ಓದ್ತಿದ್ದ, ಆ ಮಾತು ಬೇರೆ. ಎನ್. ನರಸಿಂಹಯ್ಯನವರ ಪುಸ್ತಕ ಅವು. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಮನುಷ್ಯ, ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 2011ರಲ್ಲಿ ತೀರಿಹೋದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಗೊತ್ತಿಲ್ಲದ ಹಳ್ಳಿ ಈ ಕಡೆ ಇರಲಿಲ್ಲ. ಚಿಕ್ಕ ವಾಕ್ಯ, ಚಿಕ್ಕ ಅಧ್ಯಾಯ. ಅಕ್ಷರ ಕೂಡಿಸಿ ಕೂಡಿಸಿ ಓದೋನೂ ಒಂದು ಪುಸ್ತಕ ಮುಗಿಸಿದೆ ಅಂತ ಎದೆಯುಬ್ಬಿಸಬಹುದಿತ್ತು. ಕನ್ನಡದಲ್ಲಿ ಓದುಗರನ್ನ ತಯಾರು ಮಾಡಿದವರ ಲೆಕ್ಕ ತೆಗೆದರೆ ಆ ಮನುಷ್ಯನ ಹೆಸರು ಮೊದಲ ಸಾಲಿನಲ್ಲಿ ಇರಬೇಕು. ಅಷ್ಟು ಗೌರವ ಅವರಿಗೆ ಸಲ್ಲಲಿಲ್ಲ ಅನ್ನೋ ಸಂಕಟ ನನಗೆ ಇವತ್ತಿಗೂ ಇದೆ.

ಅಳಿಯ: ನೀವು ಓದೋಕೆ ಶುರು ಮಾಡಿದ್ದೂ ಅವರಿಂದಲೇನಾ?

ಅತ್ತೆ: ಓದಿ ಹೇಳೋಕೆ ಶುರು ಮಾಡಿದ್ದು ಅವರಿಂದ. ನಮ್ಮ ಮನೆಗೆ ಸೊಪ್ಪು ಕಟ್ಟೋಕೆ ಹೆಂಗಸರು ಬರ್ತಿದ್ದರು. ಬೆಳಿಗ್ಗೆ ಮುರಿದು ತಂದ ಸೊಪ್ಪನ್ನ ಅವತ್ತೇ ಕಡ್ಡಿಗೆ ಕಟ್ಟಿ ಒಣಗಿಸೋ ಬ್ಯಾರನ್‌ಗೆ ಏರಿಸಬೇಕು, ಇಲ್ಲದಿದ್ದರೆ ಕಾವು ಹಿಡಿದು ಕೆಡುತ್ತೆ. ಅವರ ಕೈ ನಿಲ್ಲೋ ಹಾಗಿಲ್ಲ, ಕಿವಿ ಖಾಲಿ. ಅದಕ್ಕೆ ನನ್ನನ್ನ ಕೂರಿಸಿ ಓದಿಸ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ಕೊಲೆ ಮಾಡಿದವನು ಯಾರು ಹೇಳಿ ಅಂತ ನಾನು ಕೇಳ್ತಿದ್ದೆ. ಅವರಲ್ಲಿ ಒಬ್ಬಾಕೆ, ಹೆಬ್ಬೆಟ್ಟು ಒತ್ತೋಳು, ಸಾಮಾನ್ಯವಾಗಿ ತಪ್ಪು ಹೇಳ್ತಿರಲಿಲ್ಲ. ಹೇಗೆ ಗೊತ್ತಾಯ್ತು ಅಂದರೆ, 'ಆ ಹೊತ್ತಲ್ಲಿ ಅವನಿಗೆ ಅಲ್ಲಿ ಏನು ಗೇಯೋದಿತ್ತು?' ಅಂತ ತಿರುಗಿ ಕೇಳೋಳು.

ಅಳಿಯ: ಪಾಟೀಸವಾಲಿನಲ್ಲಿ ನಾವು ಕೇಳೋದೂ ಅದನ್ನೇ.

ಅತ್ತೆ: ಕೂಲಿ ಮಾಡಿ ಬದುಕೋರಿಗೆ ಇಡೀ ಊರಿನ ಹೊತ್ತು ಗೊತ್ತಿರುತ್ತೆ. ಯಾರು ಎಷ್ಟು ಹೊತ್ತಿಗೆ ಹಾಲು ಕರೀತಾರೆ, ಯಾರು ಯಾವ ದಿನ ಸಂತೆಗೆ ಹೋಗ್ತಾರೆ, ನಾಲೆ ನೀರು ಯಾರ ಸರದಿ. ಪತ್ತೇದಾರಿಕೆಯ ಬೇರು ಇರೋದು ಅಲ್ಲಿ ಅಂತ ನನ್ನ ನಂಬಿಕೆ. ಷರ್ಲಾಕ್ ಹೋಮ್ಸ್ ಒಬ್ಬನ ಕೈ ನೋಡಿ ಕಸುಬು ಹೇಳ್ತಾನೆ, ಓದುಗರು ಬೆರಗಾಗ್ತಾರೆ. ನಮ್ಮ ಊರಿನ ಹೆಂಗಸರಿಗೆ ಅದು ಬೆರಗಿನ ವಿಷಯವೇ ಅಲ್ಲ. ಸೊಪ್ಪಿನ ಅಂಟು ಹತ್ತಿ ಕಪ್ಪಾದ ಕೈ ಯಾವುದು, ಬರೀ ಮಣ್ಣಿನ ಕೈ ಯಾವುದು ಅಂತ ಮಗುವೂ ಹೇಳುತ್ತೆ.

ಅಳಿಯ: ನರಸಿಂಹಯ್ಯನವರ ನಂತರ?

ಅತ್ತೆ: ಎಂ. ರಾಮಮೂರ್ತಿ. ನಮ್ಮ ಜಿಲ್ಲೆಯವರೇ, ನಂಜನಗೂಡಿನಲ್ಲಿ 1918ರಲ್ಲಿ ಹುಟ್ಟಿದವರು. ಅವರ ಪತ್ತೇದಾರಿ ಕಾದಂಬರಿಗಳಿಗೆ ಜನ ಕಾಯ್ತಿದ್ದರು. ನೀನು ನವೆಂಬರ್ ಒಂದಕ್ಕೆ ಬಾರ್ ಅಸೋಸಿಯೇಷನ್ ಮುಂದೆ ಹಾರಿಸ್ತೀಯಲ್ಲ ಹಳದಿ-ಕೆಂಪು ಬಾವುಟ, ಅದನ್ನ ರೂಪಿಸಿದವರು ಅವರೇ.

ಅಳಿಯ: ಕನ್ನಡ ಬಾವುಟ ಮಾಡಿದವರು ಪತ್ತೇದಾರಿ ಬರೆದವರಾ? ಇದು ನನಗೆ ಗೊತ್ತಿರಲಿಲ್ಲ.

ಅತ್ತೆ: ಬಹಳ ಜನಕ್ಕೆ ಗೊತ್ತಿಲ್ಲ. 1967ರ ಡಿಸೆಂಬರಿನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸೋವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜತೆ ಹೋಗಿಬಿಟ್ಟರು. ಐವತ್ತು ತುಂಬಿರಲಿಲ್ಲ. ಅವರು ಬದುಕಿದ್ದಿದ್ದರೆ ಈ ಪ್ರಕಾರ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ.

ಅಳಿಯ: ನಿಮ್ಮ ಬರವಣಿಗೆಯಲ್ಲಿ ಮಳೆ, ಹೊಗೆ, ಹಳೇ ಮನೆ ಬಹಳ ಬರುತ್ತೆ. ಅದು ಇವರಿಬ್ಬರಲ್ಲೂ ಅಷ್ಟಿಲ್ಲ ಅನ್ಸುತ್ತೆ.

ಅತ್ತೆ: ಅದು ಟಿ.ಕೆ. ರಾಮರಾಯರ ಋಣ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರ್ತಿದ್ದಾಗ ಮುಂದಿನ ಸಂಚಿಕೆ ಬರೋವರೆಗೆ ನಿದ್ದೆ ಬರ್ತಿರಲಿಲ್ಲ. ಒಂದು ಜಾಗಕ್ಕೆ ಕಾಲಿಡೋ ಮೊದಲೇ ಅಲ್ಲೇನೋ ನಡೆದಿದೆ ಅಂತ ಮೈಗೆ ಗೊತ್ತಾಗೋ ಹಾಗೆ ಬರೆಯೋರು. ಅವರು ಬರೆದ 'ಹಿಮಪಾತ' 1995ರಲ್ಲಿ ಸಿನಿಮಾ ಆಯ್ತು. ಅದಕ್ಕಿಂತ ಮೊದಲು, 1972ರಲ್ಲಿ, 'ಬಂಗಾರದ ಮನುಷ್ಯ'.

ಅಳಿಯ: ಅದು ರೈತನ ಕತೆ. ಅದಕ್ಕೂ ಪತ್ತೇದಾರಿಗೂ ಏನು ಸಂಬಂಧ?

ಅತ್ತೆ: ಇನ್ನೊಂದು ಸಲ ನೋಡು. ರಾಜೀವ ಒಂದು ಗುಟ್ಟು ಹೊತ್ತುಕೊಂಡು ಓಡಾಡ್ತಾನೆ. ಯಾರ ಮನೆಗೆ ಹೋಗ್ತಾನೆ, ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಮನೆಯವರಿಗೆ ಅನುಮಾನ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲ್ಲ. ಹೇಳದೆ ಎದ್ದು ಹೋಗ್ತಾನೆ. ಗುಟ್ಟನ್ನ ಎಲ್ಲಿ ಬಚ್ಚಿಡಬೇಕು, ಎಷ್ಟು ಹೊತ್ತು ಬಚ್ಚಿಡಬೇಕು ಅಂತ ರಹಸ್ಯ ಕಾದಂಬರಿ ಬರೆದು ಪಳಗಿದ ಕೈಯ ಕೆಲಸ ಅದು. ಸಿದ್ಧಲಿಂಗಯ್ಯನವರು ಚೆನ್ನಾಗಿ ತೆಗೆದರು, ರಾಜಕುಮಾರ್ ಆ ಗುಟ್ಟನ್ನ ಮುಖದಲ್ಲೇ ಇಟ್ಟುಕೊಂಡರು. ಜನ ನೇಗಿಲನ್ನ ನೆನಪಿಟ್ಟುಕೊಂಡಿದ್ದಾರೆ, ನಾನು ಗುಟ್ಟನ್ನ.

ಅಳಿಯ: ತೇಜಸ್ವಿಯವರನ್ನ ಈ ಸಾಲಿಗೆ ಸೇರಿಸ್ತೀರಾ? 'ಜುಗಾರಿ ಕ್ರಾಸ್' ನಾನು ಒಂದೇ ಪಟ್ಟಿಗೆ ಓದಿ ಮುಗಿಸಿದ್ದು.

ಅತ್ತೆ: ಸೇರಿಸೋದಲ್ಲ, ನನ್ನ ದಾರಿ ತಿರುಗಿದ್ದೇ ಅಲ್ಲಿ. 1985ರ 'ಚಿದಂಬರ ರಹಸ್ಯ' ತಗೋ. ಒಬ್ಬ ವಿಜ್ಞಾನಿಯ ಸಾವಿದೆ, ಪತ್ತೆಗೆ ಬಂದ ಅಧಿಕಾರಿ ಇದ್ದಾನೆ, ಎಲ್ಲ ಸರಕೂ ಇದೆ. ಆದರೆ ಕತೆಯ ಕೀಲಿ ಇರೋದು ಏಲಕ್ಕಿ ಬೆಳೆ ಯಾಕೆ ಇಳೀತಿದೆ ಅನ್ನೋದರಲ್ಲಿ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಜುಗಾರಿ ಕ್ರಾಸ್'ನಲ್ಲೂ ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿಯ ಒಂದು ಹಗಲು ರಾತ್ರಿ. ಅವರು ಏಲಕ್ಕಿ ಇಟ್ಟುಕೊಂಡು ಅಷ್ಟು ಮಾಡಿದರು. ನಮ್ಮ ಕಡೆ ಹೊಗೆಸೊಪ್ಪಿದೆ, ಅದನ್ನ ಇಟ್ಟುಕೊಂಡು ಯಾರೂ ಯಾಕೆ ಬರೆದಿಲ್ಲ ಅನ್ನೋ ಪ್ರಶ್ನೆ ಅವತ್ತು ಹುಟ್ಟಿದ್ದು.

ಅಳಿಯ: ಹೊರಗಿನವರಲ್ಲಿ? ಆ ಕಪಾಟಿನ ತುಂಬ ಅಗಾಥಾ ಕ್ರಿಸ್ಟಿ ಕಾಣ್ತಿದ್ದಾರೆ.

ಅತ್ತೆ: ಕ್ರಿಸ್ಟಿ ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. ವಿಷದ ಬಗ್ಗೆ ಅವರು ಬರೆದದ್ದು ಕೈಯಲ್ಲಿ ಅಳೆದು ತೂಗಿದ ತಿಳಿವಳಿಕೆ. 1961ರಲ್ಲಿ 'ದಿ ಪೇಲ್ ಹಾರ್ಸ್' ಅಂತ ಬರೆದರು, ಅದರಲ್ಲಿ ಥ್ಯಾಲಿಯಂ ವಿಷದ ಲಕ್ಷಣಗಳಿವೆ, ಕೂದಲು ಉದುರೋದೂ ಸೇರಿ. 1977ರಲ್ಲಿ ಕತಾರ್‌ನಿಂದ ಲಂಡನ್ನಿನ ಆಸ್ಪತ್ರೆಗೆ ಒಂದು ಕೂಸು ಬಂತು, ಏನು ಕಾಯಿಲೆ ಅಂತ ಡಾಕ್ಟರುಗಳಿಗೆ ಹೊಳೀಲಿಲ್ಲ. ಆ ಕಾದಂಬರಿ ಓದ್ತಿದ್ದ ಒಬ್ಬ ನರ್ಸು ಇದು ಥ್ಯಾಲಿಯಂ ಇರಬಹುದು ಅಂದಳು. ಪರೀಕ್ಷೆ ಮಾಡಿದರೆ ಅದೇ. ಮಗು ಉಳೀತು. ಹೊತ್ತು ಕಳೆಯೋ ಓದು ಅಂದೆಯಲ್ಲ, ಆ ನರ್ಸು ಹೊತ್ತು ಕಳೆಯೋಕೇ ಓದ್ತಿದ್ದಳೋ ಏನೋ. ಆದರೆ ಬರೆದವರು ಮಾತ್ರ ಹೊತ್ತು ಕಳೆಯೋಕೆ ಬರೆದಿರಲಿಲ್ಲ. ಸಿಮೆನೊನ್ ಇನ್ನೊಂದು ಥರ. ಅವರ ಮೇಗ್ರೆ ಕಾದಂಬರಿಗಳು 75. ಆ ಇನ್ಸ್‌ಪೆಕ್ಟರು ಓಡಾಡೋದಕ್ಕಿಂತ ಸತ್ತವನ ಮನೆಯಲ್ಲಿ, ಬೀದಿಯಲ್ಲಿ ಸುಮ್ಮನೆ ಕೂರೋದೇ ಜಾಸ್ತಿ. ನನಗೆ ಅವನ ಕೂರೋ ರೀತಿ ಇಷ್ಟ.

ಅಳಿಯ: ನೀವು ಬರೆಯೋದು ಹೇಗೆ? ಮೊದಲ ಅಧ್ಯಾಯದಿಂದ ಹೊರಡ್ತೀರಾ?

ಅತ್ತೆ: ಕೊನೆಯಿಂದ. ಏನು ನಡೀತು, ಯಾರು ಮಾಡಿದರು, ಯಾಕೆ, ಅದನ್ನ ಮೊದಲು ಬರೆದಿಟ್ಟುಕೊಳ್ತೀನಿ. ಹುಣಸೂರಿನಿಂದ ಉದ್ದನೆಯ ಲೆಕ್ಕದ ಪುಸ್ತಕ ತರಿಸ್ತೀನಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಎಡಗಡೆ ಗಂಟೆ, ಬಲಗಡೆ ಅವರು ಎಲ್ಲಿದ್ದರು ಅಂತ. ಕತೆಯಲ್ಲಿ ಬರದ ಗಂಟೆಗಳನ್ನೂ ತುಂಬಿಸ್ತೀನಿ. ಒಂಟಿಕೊಪ್ಪಲ್ ಪಂಚಾಂಗ ಪಕ್ಕದಲ್ಲೇ ಇರಬೇಕು. ಕೊಲೆ ನಡೆದ ರಾತ್ರಿ ತಿಂಗಳ ಬೆಳಕಿತ್ತಾ, ಎಷ್ಟು ಹೊತ್ತಿಗೆ ಚಂದ್ರ ಮುಳುಗಿದ ಅಂತ ನೋಡದೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಿಸ್ತು ಅಂತ ಬರೆಯೋ ಹಾಗಿಲ್ಲ. ನಾನು ಬರೆಯೋದು ಬೆಳಗಿನ ಜಾವ. ಹಾಲಿನವನು ಬರೋ ಹೊತ್ತಿಗೆ ಎದ್ದುಬಿಡ್ತೀನಿ, ಆಮೇಲೆ ಬರೆದದ್ದು ನಿಲ್ಲಲ್ಲ.

ಅಳಿಯ: ಇದಕ್ಕೆಲ್ಲ ನಿಯಮ ಅಂತ ಏನಾದರೂ ಇದೆಯಾ?

ಅತ್ತೆ: 1929ರಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ ಹತ್ತು ನಿಯಮ ಮಾಡಿದ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಅನ್ನೋದು ಅದರ ಜೀವ. ನನ್ನದು ಇನ್ನೊಂದು ಸೇರಿಸಿಕೊಂಡಿದ್ದೀನಿ: ಸುಳಿವನ್ನ ನೋಡೋಕೆ ಬೆಂಗಳೂರಿನ ಪ್ರಯೋಗಾಲಯ ಬೇಕಾಗಬಾರದು. ಊರಿನವರ ಕಣ್ಣಿಗೇ ಬೀಳಬೇಕು.

ಅಳಿಯ: ಹಾಗಾದರೆ ನಾಲೆ ಹೆಣ ಬರೆಯೋಕೆ ಆಗಲ್ಲ. ನೀರಿಗೆ ಬಿದ್ದು ಸತ್ತನಾ, ಸತ್ತ ಮೇಲೆ ನೀರಿಗೆ ಹಾಕಿದರಾ ಅಂತ ತಿಳಿಯೋಕೆ ಡಯಾಟಮ್ ಪರೀಕ್ಷೆ ಮಾಡ್ತಾರೆ. ನೀರಲ್ಲಿರೋ ಕಣ್ಣಿಗೆ ಕಾಣದ ಪಾಚಿ ಅದು. ಉಸಿರಾಡ್ತಾ ಮುಳುಗಿದರೆ ರಕ್ತದ ಜತೆ ಹೋಗಿ ಮೂಳೆಯ ಮಜ್ಜೆ ಸೇರುತ್ತೆ. ಹೆಣ ಹಾಕಿದ್ದರೆ ಅಷ್ಟು ಒಳಗೆ ಹೋಗಲ್ಲ. ಅದೂ ಬೇರೆ ಸಾಕ್ಷಿಗೆ ಒತ್ತಾಸೆ ಅಷ್ಟೆ, ಅದೊಂದರ ಮೇಲೆ ಶಿಕ್ಷೆ ನಿಲ್ಲಲ್ಲ.

ಅತ್ತೆ: ಅದು ನಿನ್ನ ಫೈಲಿಗಿರಲಿ. ಈಗ ಬರೀತಿರೋದು ನಾಲೆ ಹೆಣವೇ, ಆದರೆ ಸಾಕ್ಷಿ ಇರೋದು ಬ್ಯಾರನ್‌ನಲ್ಲಿ. ನೀನು ಊರಲ್ಲಿ ಹುಟ್ಟಿದವನಾದರೂ ಹಾಸ್ಟೆಲ್‌ನಲ್ಲಿ ಬೆಳೆದೆ, ಅದಕ್ಕೆ ಬಿಡಿಸಿ ಹೇಳ್ತೀನಿ. 16 ಅಡಿ ಉದ್ದ, 16 ಅಡಿ ಅಗಲ, ಎತ್ತರದ ಗೋಡೆ. ಒಳಗೆ ಸಾಲು ಸಾಲು ತೊಲೆ, ತೊಲೆ ಮೇಲೆ ಸೊಪ್ಪಿನ ಕಡ್ಡಿ. ಒಲೆ ಬಾಯಿ ಹೊರಗೆ, ಕಾವು ಹೋಗೋ ತಗಡಿನ ಕೊಳವೆ ಒಳಗೆ. ಹೊಗೆ ಸೊಪ್ಪಿಗೆ ತಾಗೋದೇ ಇಲ್ಲ. ಮೊದಲು ಫ್ಯಾರನ್‌ಹೀಟ್ ಲೆಕ್ಕದಲ್ಲಿ 90ರಿಂದ 100 ಡಿಗ್ರಿ ಇಟ್ಟು ಹಳದಿ ತಿರುಗಿಸಬೇಕು. ಆಮೇಲೆ ಮೆಲ್ಲಗೆ ಏರಿಸ್ತಾ ಎಲೆ ಒಣಗಿಸಬೇಕು. ಕಡೆಗೆ 160ರ ತನಕ ಏರಿಸಿ ನಡುದಂಟು ಒಣಗಿಸಬೇಕು. ಒಟ್ಟು ಐದಾರು ದಿನ, ಹಗಲೂ ರಾತ್ರಿ ಸೌದೆ ಹಾಕ್ತಾನೇ ಇರಬೇಕು.

ಅಳಿಯ: ರಾತ್ರಿ ಕಾಯೋರನ್ನ ನೋಡಿದ್ದೀನಿ.

ಅತ್ತೆ: ಆ ಕಡೇ ಘಟ್ಟ ನೋಡು, ಅದು ಬಹಳ ಸೂಕ್ಷ್ಮ. ಎಲೆ ಒಣಗಿ ಗರಿಗರಿ ಆಗಿರುತ್ತೆ, ದಂಟಿನಲ್ಲಿ ಮಾತ್ರ ನೀರಿರುತ್ತೆ. ಆಗ ಬೆಂಕಿ ಇಳಿದುಹೋಯ್ತು ಅಂದರೆ ದಂಟಿನ ನೀರು ಒಣಗಿದ ಎಲೆಗೆ ವಾಪಸು ಹರಿದುಬಿಡುತ್ತೆ. ದಂಟಿನ ಎರಡೂ ಪಕ್ಕ ಕಂದು ಕಲೆ. ಮತ್ತೆ ಎಷ್ಟು ಬೆಂಕಿ ಹಾಕಿದರೂ ಆ ಕಲೆ ಹೋಗಲ್ಲ. ಈಗ ನನ್ನ ಕತೆ ಕೇಳು. ಬೆಳಿಗ್ಗೆ ನಾಲೆಯಲ್ಲಿ ಹೆಣ, ಏರಿ ಪಕ್ಕದಲ್ಲೇ ಬ್ಯಾರನ್. ಸತ್ತವನು ಊರಿಗೆಲ್ಲ ಸಾಲ ಕೊಟ್ಟವನು. ಅವನಿಗೂ ಅನುಮಾನ ಬಿದ್ದವನಿಗೂ ಹಳೇ ಜಗಳ. 'ರಾತ್ರಿಯೆಲ್ಲ ಬ್ಯಾರನ್ ಮುಂದೆ ಇದ್ದೆ, ದಂಟು ಒಣಗಿಸ್ತಿದ್ದೆ' ಅಂತಾನೆ. ಇಡೀ ಊರು ನಂಬುತ್ತೆ. ಒಂದು ಬ್ಯಾರನ್ ಸೊಪ್ಪು ಬಿಟ್ಟು ಎದ್ದು ಹೋಗೋ ರೈತ ಯಾರಿದ್ದಾನೆ? ಪೊಲೀಸರೂ ಬರೆದುಕೊಂಡು ಹೋಗ್ತಾರೆ. ಕೆಲವು ತಿಂಗಳಾದ ಮೇಲೆ ನಮ್ಮೂರ ಹರಾಜು ಮಾರುಕಟ್ಟೆಯಲ್ಲಿ ಅವನ ಬೇಲ್‌ಗೆ ರೇಟು ಬೀಳಲ್ಲ.

ಅಳಿಯ: ಒಪ್ಪಲ್ಲ ಅತ್ತೆ. ಒಂದನೇದು, ಬೇಲ್‌ನಲ್ಲಿ ಬೇರೆ ಬೇರೆ ಬ್ಯಾರನ್ ಸೊಪ್ಪು ಸೇರಿರುತ್ತೆ. ಯಾವ ರಾತ್ರಿಯ ಸೊಪ್ಪು ಅಂತ ಹೇಗೆ ಹೇಳ್ತೀರಿ?

ಅತ್ತೆ: ಬೇಲ್ ನೋಡಿ ಹೇಳೋಕಾಗಲ್ಲ, ನಿಜ. ಬೇಲ್ ಕಟ್ಟೋದಕ್ಕೆ ಮೊದಲು ಗ್ರೇಡ್ ಮಾಡೋರು ಯಾರು? ಹೆಂಗಸರು. ಎಲೆ ಎಲೆ ಕೈಯಲ್ಲಿ ಹಿಡಿದು ಬಣ್ಣ ನೋಡಿ ಬಿಡಿಸೋರು. ಎಷ್ಟನೇ ಸಲ ಮುರಿದ ಸೊಪ್ಪು, ಬುಡದ್ದಾ ಮೇಲಿನದ್ದಾ, ಯಾವ ಬ್ಯಾರನ್‌ನದು ಅಂತ ಅವರಿಗೆ ಗೊತ್ತಿರುತ್ತೆ, ಏರಿಸಿದವರೂ ಅವರೇ ಅಲ್ವಾ. ನನ್ನ ಪತ್ತೇದಾರಳು ಅವರಲ್ಲಿ ಒಬ್ಬಳು.

ಅಳಿಯ: ಎರಡನೇದು. ಕಲೆ ಹೇಳೋದು ಬೆಂಕಿ ಇಳೀತು ಅಂತ ಮಾತ್ರ. ಅವನು ತೂಕಡಿಸಿರಬಹುದು, ಸೌದೆ ನೆನೆದಿರಬಹುದು. ಸಂದರ್ಭ ಸಾಕ್ಷಿ ಮೇಲೆ ಶಿಕ್ಷೆ ಆಗಬೇಕಾದರೆ ಸುಪ್ರೀಂ ಕೋರ್ಟ್ 1984ರಲ್ಲಿ, ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಐದು ಸೂತ್ರ ಹೇಳಿದೆ. ಪ್ರತಿ ಸಂಗತಿ ಸಂಶಯಕ್ಕೆಡೆಯಿಲ್ಲದೆ ರುಜುವಾತಾಗಬೇಕು, ಆರೋಪಿ ನಿರಪರಾಧಿ ಅನ್ನೋ ಬೇರೆ ಯಾವ ವಿವರಣೆಗೂ ಜಾಗ ಉಳೀಬಾರದು, ಸರಪಳಿಯ ಒಂದು ಕೊಂಡಿಯೂ ಬಿಟ್ಟುಹೋಗಬಾರದು. ನಿಮ್ಮ ಕತೆಯಲ್ಲಿ ಎರಡು ಕೊಂಡಿ ಇಲ್ಲ.

ಅತ್ತೆ: ನಾಕ್ಸ್‌ನ ಹತ್ತಕ್ಕಿಂತ ನಿನ್ನ ಐದು ಚೆನ್ನಾಗಿವೆ, ಬರೆದುಕೊಡು, ಗೋಡೆಗೆ ಅಂಟಿಸ್ತೀನಿ. ತೂಕಡಿಸಿದವನು ಏನು ಮಾಡ್ತಾನೆ ಯೋಚನೆ ಮಾಡು. ಬೆಳಿಗ್ಗೆ ಎದ್ದು ತಲೆ ಚಚ್ಚಿಕೊಳ್ತಾನೆ, ಹೆಂಡತಿ ಹತ್ತಿರ ಬೈಸಿಕೊಳ್ತಾನೆ, ಹಾಳಾಯ್ತಲ್ಲೋ ಅಂತ ಅಕ್ಕಪಕ್ಕದವರಿಗೆ ಎಲೆ ತೋರಿಸ್ತಾನೆ. ನಷ್ಟ ಆದ ರೈತ ಸುಮ್ಮನಿರಲ್ಲ. ಇವನು ಆ ಸೊಪ್ಪನ್ನ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ ಮೇಲೆ ಹುಲ್ಲು ಮುಚ್ಚಿದ್ದ. ಕಡೇ ಹರಾಜಿನ ಹೊತ್ತಿಗೆ ದುಡ್ಡಿನ ಅಡಚಣೆಗೆ ಕೆಳಗಿಳಿಸಿದ. ಆಗ ಅವಳ ಕಣ್ಣಿಗೆ ಬಿತ್ತು.

ಅಳಿಯ: ಮುಚ್ಚಿಟ್ಟ ಅನ್ನೋದು ಸಂಗತಿ. ಯಾಕೆ ಅನ್ನೋದು ನಿಮ್ಮ ಊಹೆ.

ಅತ್ತೆ: ನೀನಾದರೆ ಏನಂತೀಯ?

ಅಳಿಯ: ಅವನ ಪರ ವಕೀಲ ಅಂತ ಇಟ್ಟುಕೊಳ್ಳಿ. ಎದ್ದು ಹೋದ ಅಂತ ಒಪ್ಪಿಕೊಳ್ತೀನಿ. ಕೊಲ್ಲೋಕೆ ಹೋದ ಅಂತ ಒಪ್ಪಲ್ಲ. ಬ್ಯಾರನ್ ನಾಲೆ ಏರಿಯ ಪಕ್ಕದಲ್ಲೇ ಇದೆ ಅಂತ ನೀವೇ ಹೇಳಿದಿರಿ. ರಾತ್ರಿ ಯಾರೋ ನೀರಿಗೆ ಬಿದ್ದ ಸದ್ದು. ಇವನು ಸೌದೆ ಬಿಟ್ಟು ಓಡಿದ, ನೀರಿಗಿಳಿದ, ಹುಡುಕಾಡಿದ, ಸಿಗಲಿಲ್ಲ. ವಾಪಸು ಬರೋ ಹೊತ್ತಿಗೆ ಬೆಂಕಿ ಆರಿತ್ತು. ಬೆಳಿಗ್ಗೆ ಹೆಣ ಯಾರದು ಅಂತ ಗೊತ್ತಾಯ್ತು. ಜಗಳ ಇದ್ದವನೇ ಸತ್ತಿದ್ದಾನೆ, ನಾನು ನೀರಿಗಿಳಿದಿದ್ದೆ ಅಂದರೆ ಯಾರು ನಂಬ್ತಾರೆ? ಅದಕ್ಕೆ ರಾತ್ರಿಯೆಲ್ಲ ಇಲ್ಲೇ ಇದ್ದೆ ಅಂದ. ಅಂದ ಮೇಲೆ ಸೊಪ್ಪು ಬಚ್ಚಿಡದೆ ಬೇರೆ ದಾರಿ ಇರಲಿಲ್ಲ.

ಅತ್ತೆ: ಸತ್ತವನು ಬಿದ್ದದ್ದು ಹೇಗೆ?

ಅಳಿಯ: ತಾನೇ ಬಿದ್ದನೋ, ಜಾರಿದನೋ, ಇನ್ಯಾರಾದರೂ ತಳ್ಳಿದರೋ. ಅದು ನೀವು ಬರೀಬೇಕಾದ್ದು.

ಅತ್ತೆ: ಇದನ್ನ ತಗೊಂಡರೆ ಹನ್ನೊಂದನೇ ಅಧ್ಯಾಯದಿಂದ ಮುಂದಕ್ಕೆಲ್ಲ ಹೋಗುತ್ತೆ. ಕೊನೆಯಿಂದ ಬರೆದವಳಿಗೆ ಕೊನೆಯೇ ಬದಲಾದರೆ... ಇರಲಿ, ಹೋಗಲಿ. ಆ ಹೆಂಗಸು ಅವನನ್ನ ಹಿಡಿದುಕೊಡೋ ಬದಲು ಬಿಡಿಸಬೇಕಾಗುತ್ತೆ. ಅದು ಇನ್ನೂ ಕಷ್ಟದ ಕೆಲಸ, ಅವಳ ಕೈಲಿ ಆಗುತ್ತೆ. ಅವನ ಹಾಳೆಯಲ್ಲಿ ಎರಡರಿಂದ ನಾಲ್ಕು ಗಂಟೆವರೆಗೆ ಅಳಿಸಿ ಬರೀತೀನಿ. ನೀನು ಒಂದು ಕೆಲಸ ಮಾಡು, ಸೋಮವಾರ ಕೋರ್ಟಿಗೆ ಹೋದಾಗ ನೀರಾವರಿ ಇಲಾಖೆಗೆ ಹೋಗಿ ಬಾ.

ಅಳಿಯ: ಏನು ಕೇಳಲಿ?

ಅತ್ತೆ: ಲಕ್ಷ್ಮಣತೀರ್ಥ ಹೊಳೆ ಇರ್ಪಿನಿಂದ ಇಳಿದು ನಾಗರಹೊಳೆ ಕಾಡು ಹಾದು ಬರುತ್ತೆ, ಮೇಲೆ ಮಳೆ ಆದರೆ ಇಲ್ಲಿ ಏರುತ್ತೆ, ಅಷ್ಟು ನನಗೆ ಗೊತ್ತು. ನನ್ನ ಕತೆ ಸೆಪ್ಟೆಂಬರ್ ಎರಡನೇ ವಾರ. ಆ ವಾರ ನಾಲೆಗೆ ನೀರು ಬಿಟ್ಟಿರ್ತಾರಾ, ಬಿಟ್ಟರೆ ಎಷ್ಟು ಅಡಿ ಅಂತ ಕೇಳಿಕೊಂಡು ಬಾ. ಸೊಂಟದ ಮಟ್ಟಕ್ಕಿದ್ದರೆ ನಿನ್ನ ಕಕ್ಷಿದಾರ ಹುಡುಕಾಡಿದೆ ಅನ್ನೋದನ್ನ ನಾನೇ ನಂಬಲ್ಲ.